ನೀರಿಗೆ ಹೇಳಿದ ಕನಸು

ನೆಬಾಹತಳನ್ನು ಈಗ ಕಪ್ಪು ಸಮುದ್ರದ ಕರಾವಳಿಯ ಉದ್ದಕ್ಕೂ ಕೆಲಸಗಾರರು ‘ಅಪಶಕುನದ ಅಕ್ಕ’ ಎಂದು ಕರೆಯುತ್ತಾರೆ. ಎದುರಿಗಲ್ಲ, ಅವಳು ಬೆನ್ನು ತಿರುಗಿಸಿದ ಮೇಲೆ. ಸೇತುವೆಯಾಗಲಿ, ಶಾಲೆಯ ಗೋಡೆಯಾಗಲಿ, ಕೆಲಸ ಶುರುವಾಗುವ ದಿನ ಕುರಿ ಕಡಿದು, ಎಲ್ಲರೂ ದುವಾ ಮಾಡಿ ಕೈ ಕೆಳಗಿಳಿಸಿದ ಕೂಡಲೇ ಅವಳು ಮುಂದೆ ಬಂದು ನಿಲ್ಲುತ್ತಾಳೆ. ಈ ಕೆಲಸದಲ್ಲಿ ತನ್ನಿಂದಲೇ ಏನೇನು ಕೆಡಬಹುದು ಎಂಬುದನ್ನು ಎಲ್ಲರೆದುರು ಬಾಯಿಬಿಟ್ಟು ಹೇಳುತ್ತಾಳೆ. ಆಮೇಲೆ ಹಾರೆ ಹಿಡಿದು ಪ್ರತಿಯೊಂದು ಪಾಯದ ಗುಂಡಿಗೂ ತಾನೇ ಇಳಿಯುತ್ತಾಳೆ. ಗುಂಡಿ ತೋಡಿದವನು ಅವಳ ನೆಂಟನಾಗಿದ್ದರೆ ಎರಡು ಸಲ ಇಳಿಯುತ್ತಾಳೆ. ಗೊತ್ತಿಲ್ಲದವರು ನಗುತ್ತಾರೆ. ನನಗೆ ಗೊತ್ತು, ಅದಕ್ಕೇ ಈ ಮಾತೆಲ್ಲ.

ನನ್ನ ಹೆಸರು ನಜ್ಮಿ. ಅವಳು ಮೊದಲು ಕೆಲಸ ಮಾಡಿದ ಚಹಾ ಕಾರ್ಖಾನೆಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದವನು. ನನ್ನ ನಾಲಿಗೆ ಉದ್ದ ಎಂದು ಹೆಂಡತಿ ಹೇಳುತ್ತಾಳೆ. ಉದ್ದವೇ ಇರಲಿ, ನಮ್ಮೂರಲ್ಲಿ ಬೇಕಾದ ಹೊತ್ತಿಗೆ ನಾಲಿಗೆ ಇದ್ದವರು ಬಹಳ ಕಡಿಮೆ.

ನಾವು ತುರ್ಕರಿಗೆ, ಅದರಲ್ಲೂ ಕಪ್ಪು ಸಮುದ್ರದ ದಂಡೆಯವರಿಗೆ, ಎರಡು ಮಾತು ತಾಯಿಯ ಹಾಲಿನ ಜೊತೆಗೇ ಬರುತ್ತವೆ. ಒಂದು, ‘ಏನೂ ಆಗಲ್ಲ ಬಿಡು.’ ಇನ್ನೊಂದು, ‘ಬಿಡ್ತು ಅನ್ನು.’ ಮೊದಲನೆಯದು ಅಪಾಯ ಕಣ್ಣಿಗೆ ಬಿದ್ದಾಗ ಆಡುವ ಮಾತು. ಎರಡನೆಯದು ಆ ಅಪಾಯವನ್ನು ಯಾರಾದರೂ ಹೆಸರು ಹಿಡಿದು ಹೇಳಿದಾಗ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ನಡೆದೇ ತೀರುತ್ತದೆ ಎಂಬುದು ನಮ್ಮ ನಂಬಿಕೆ. ಹಾಗೆ ಆಡಿಬಿಟ್ಟವನು ಮರದ ಹಲಗೆ ಕುಟ್ಟಿ, ಕಿವಿ ಹಾಲೆ ಎಳೆದುಕೊಂಡು, ಬಿಡ್ತು ಎಂದು ಹೇಳಬೇಕು. ಕಾರ್ಖಾನೆಯ ಮೀಟಿಂಗುಗಳಲ್ಲಿ ಮೇಜು ಕುಟ್ಟುವ ಸದ್ದು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ನೆಬಾಹತ್ ಮೇಲಿನ ಹಳ್ಳಿಯವಳು. ಮೀನು ಹಿಡಿಯಲು ಹೋದ ಅಪ್ಪ ಹಿಂದಿರುಗಲಿಲ್ಲ. ಅಣ್ಣ ರಿಫತ್ ಆಗ ಇನ್ನೂ ಮೀಸೆ ಮೂಡದವನು. ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಸೇರಿದ, ತಂಗಿಯನ್ನು ಓದಿಸಿದ. ಹಿಮ ಬಿದ್ದ ದಿನಗಳಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಇಳಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವಳು ತ್ರಾಬ್ಜೋನ್ ನಗರದಲ್ಲಿ ಇಂಜಿನಿಯರಿಂಗ್ ಮುಗಿಸಿ ನಮ್ಮ ಕಾರ್ಖಾನೆಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಬಂದ ದಿನ ರಿಫತ್ ನನ್ನ ಗೋದಾಮಿನ ಬಾಗಿಲಲ್ಲಿ ನಿಂತು, ಸಿಗರೇಟು ಹಚ್ಚುವುದನ್ನೂ ಮರೆತು, ಅವಳ ಕಚೇರಿಯ ಕಿಟಕಿಯನ್ನೇ ನೋಡುತ್ತಿದ್ದ. "ಆ ಕಿಟಕಿ ನಂದು ಕಣೋ ನಜ್ಮಿ" ಎಂದ. ಅವನ ಬಾಯಿಂದ ಅಷ್ಟು ದೊಡ್ಡ ಮಾತು ಬಂದದ್ದನ್ನು ನಾನು ಮತ್ತೆ ಕೇಳಲಿಲ್ಲ.

ಅವಳ ಕೈಗೆ ಬಂದ ಮೊದಲ ಕೆಲಸ ಚಹಾ ಎಲೆ ಒಣಗಿಸುವ ದೊಡ್ಡ ಒಲೆ. ಕೆಲಸ ಮುಗಿಯಿತು, ಉದ್ಘಾಟನೆಗೆ ಕುರಿಯೂ ಬಂತು. ಹಿಂದಿನ ದಿನದ ಮೀಟಿಂಗಿನಲ್ಲಿ ಎಲೆಕ್ಟ್ರಿಷಿಯನ್ ಷೆನೆರ್ ತಲೆ ಕೆರೆದುಕೊಳ್ಳುತ್ತಾ, "ಚಿಮಣಿ ಬುಡದಲ್ಲಿ ಒಂದು ಬಿರುಕು ಕಂಡ ಹಾಗಿತ್ತು. ಬೆಂಕಿ ಜೋರಾದ್ರೆ ಏನಾದ್ರೂ..." ಎಂದು ಶುರು ಮಾಡಿದ.

ಕಾರ್ಖಾನೆಯ ಮುಖ್ಯಸ್ಥ ತಹ್ಸಿನ್ ಸಾಹೇಬರು ಅವನ ಮಾತು ಮುಗಿಯಲು ಬಿಡಲಿಲ್ಲ. "ಮದುವೆ ಮನೇಲಿ ಸೂತಕದ ಮಾತು ಯಾಕಪ್ಪಾ? ಬಿಡ್ತು ಅನ್ನು."

ಷೆನೆರ್ ಮೇಜು ಕುಟ್ಟಿ, ಕಿವಿ ಎಳೆದುಕೊಂಡು, "ಬಿಡ್ತು ಸಾಹೇಬ್ರೆ" ಎಂದ. ಎಲ್ಲರೂ ನಕ್ಕರು. ನೆಬಾಹತಳೂ ನಕ್ಕಳು.

ಆ ಹಂಗಾಮು ಮುಗಿಯುವ ಮೊದಲೇ ಒಲೆ ಒಡೆಯಿತು. ಬೆಂಕಿ ನೋಡಿಕೊಳ್ಳುತ್ತಿದ್ದ ಸಾಲಿಹ್ ಸತ್ತ. ಅವನು ಹೇಗೆ ಸತ್ತ ಎಂಬುದನ್ನು ಬರೆಯಲು ನನಗೆ ಇಷ್ಟವಿಲ್ಲ.

ಸಾವಿನ ಮನೆಯಲ್ಲಿ ಅವನ ಹೆಂಡತಿ ಒಂದೇ ಒಂದು ಮಾತು ಕೇಳಿದಳು. "ನಿಮಗೆ ಯಾರಿಗೂ ಗೊತ್ತಿರಲಿಲ್ವಾ?" ಹೊರಗೆ ಅಂಗಳಕ್ಕೆ ಬಂದ ಮೇಲೆ ಒಬ್ಬೊಬ್ಬರ ಬಾಯಿಂದ ಹೊರಟಿತು. ಬಿರುಕನ್ನು ಷೆನೆರ್ ನೋಡಿದ್ದ, ಇಟ್ಟಿಗೆ ಕಟ್ಟಿದವನು ನೋಡಿದ್ದ, ಬಣ್ಣ ಬಳಿಯುವವನು ನೋಡಿ ಅದರ ಮೇಲೆಯೇ ಬಣ್ಣ ಬಳಿದಿದ್ದ. ಬೂದಿ ಮುಚ್ಚಿದ ಕೆಂಡದ ಹಾಗೆ ಎಲ್ಲರ ಹೊಟ್ಟೆಯಲ್ಲೂ ಇತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ. ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ನೆಬಾಹತ್ ಗೋಡೆಗೆ ಒರಗಿ ಕೂತಿದ್ದಳು. "ನಜ್ಮಿ ಅಣ್ಣಾ, ಆ ಒಲೆ ಬಿರುಕಿನಿಂದ ಒಡೀಲಿಲ್ಲ. ಷೆನೆರ್ ಹೇಳ್ತಿದ್ದಾಗ ನಾನು ನಕ್ಕೆನಲ್ಲ, ಅದರಿಂದ ಒಡೀತು" ಎಂದಳು.

"ಎಲ್ರೂ ನಕ್ರಲ್ಲಮ್ಮ."

"ಎಲ್ರೂ ನಗಬಹುದು. ಕೆಲಸ ನಂದು. ಇನ್ನು ನನ್ನ ಕೈಕೆಳಗೆ ಒಂದು ಜೀವ ಹೋಗಬಾರದು. ಹೋದ್ರೆ ಆಮೇಲೆ ನಾನು ಈ ಊರಲ್ಲಿರಲ್ಲ."

ಸಾಲಿಹನ ಗೋರಿಯ ಮೇಲೆ ಮಣ್ಣು ಇನ್ನೂ ಹಸಿಯಾಗಿತ್ತು. ಅವಳು ಮಾತಿಗೆ ಮಾತು ಸೇರಿಸಿ ಆಡುವವಳಲ್ಲ. ಇದು ಆಣೆಯೇ ಎಂದು ನನಗೆ ಗೊತ್ತಾಯಿತು.

ಎರಡನೆಯ ಕೆಲಸವಾಗಿ ರೋಪ್‌ವೇ ಬಂತು. ಮೇಲಿನ ಹಳ್ಳಿಯ ಹೆಂಗಸರು ಚಹಾ ಎಲೆ ಕತ್ತರಿಸಿ, ಮೂಟೆ ಕಟ್ಟಿ, ಬೆನ್ನಿಗೆ ಬಿಗಿದುಕೊಂಡು, ಮಳೆಯಲ್ಲಿ ಜಾರುವ ಇಳಿಜಾರಿನಲ್ಲಿ ಕೆಳಗಿನ ತೂಕದ ಕಟ್ಟೆಯವರೆಗೆ ಇಳಿಯುತ್ತಾರೆ. ನೆಬಾಹತಳ ತಾಯಿಯ ಸೊಂಟ ಮುರಿದದ್ದು ಆ ದಾರಿಯಲ್ಲೇ. ಬೆಟ್ಟದ ಮೈಗೆ ಸಾಲಾಗಿ ಕಂಬ ನಿಲ್ಲಿಸಿ, ಉಕ್ಕಿನ ಹಗ್ಗ ಎಳೆದು, ಮೂಟೆಗಳನ್ನು ಕಬ್ಬಿಣದ ತೊಟ್ಟಿಲಲ್ಲಿ ಇಳಿಸುವುದು ಯೋಜನೆ. ಕಂಬಗಳ ಪಾಯದ ಕೆಲಸ ರಿಫತನಿಗೆ ಸಿಕ್ಕಿತು. ತಂಗಿ ಕೊಡಿಸಿದ್ದಲ್ಲ, ಆ ಬೆಟ್ಟದಲ್ಲಿ ಅವನಷ್ಟು ಚೆನ್ನಾಗಿ ಗಾರೆ ಕೆಲಸ ಮಾಡುವ ಉಸ್ತಾ, ಎಂದರೆ ನುರಿತ ಮೇಸ್ತ್ರಿ, ಬೇರೆ ಇರಲಿಲ್ಲ. ತಹ್ಸಿನ್ ಸಾಹೇಬರು ಅವಳನ್ನು ಕರೆದು, "ನೋಡಮ್ಮಾ, ಇದೂ ಕೆಟ್ರೆ ನಿನ್ನ ಉಳಿಸೋಕೆ ನನ್ನ ಕೈಲಾಗಲ್ಲ" ಎಂದರು. ಅದನ್ನು ಕಾರ್ಖಾನೆಯ ತುಂಬ ಸಾರಿದರು ಕೂಡ.

ಮೊದಲ ಮೀಟಿಂಗಿನಲ್ಲಿ ಅವಳು ಎಲ್ಲರಿಗೂ ಚಹಾ ಕೊಡಿಸಿ, ಒಂದು ವಿಚಿತ್ರ ಪ್ರಶ್ನೆ ಕೇಳಿದಳು. "ಒಂದು ವರ್ಷ ಕಳೀತು ಅಂತ ಇಟ್ಕೊಳ್ಳಿ. ರೋಪ್‌ವೇ ಕುಸಿದು ಬಿದ್ದಿದೆ. ಯಾಕೆ ಬಿತ್ತು, ಒಬ್ಬೊಬ್ಬರಾಗಿ ಹೇಳಿ."

ಮೇಜು ಕುಟ್ಟುವ ಸದ್ದು ಆಲಿಕಲ್ಲಿನ ಮಳೆಯ ಹಾಗೆ ಎದ್ದಿತು. ಷೆನೆರನಂತೂ ಎರಡೂ ಕಿವಿ ಎಳೆದುಕೊಂಡ. ರಿಫತ್ ಮೀಸೆಯ ಅಡಿಯಲ್ಲಿ ನಕ್ಕು, "ತಾಯೀ, ನಾನಿನ್ನೂ ಪಾಯ ತೋಡಿಲ್ಲ. ನೀನಾಗ್ಲೇ ಗೋರಿ ತೋಡ್ತಿದ್ದೀಯಲ್ಲ" ಎಂದ. ಎಲ್ಲರೂ ನಕ್ಕರು. ಈ ಸಲ ಅವಳು ನಗಲಿಲ್ಲ. ಆದರೆ ಯಾರ ಬಾಯಿಂದಲೂ ಒಂದು ಮಾತೂ ಹೊರಡಲಿಲ್ಲ.

ಅದಾದ ಕೆಲವು ದಿನಕ್ಕೆ ಕ್ಯಾಂಟೀನಿನಲ್ಲಿ ಅವಳು ಊಟದ ತಟ್ಟೆ ಇಡಲು ಒಳಗೆ ಹೋದಾಗ ಅಡುಗೆಯವಳು ನಲ್ಲಿ ತಿರುಗಿಸಿ, ಬೀಳುವ ನೀರಿಗೆ ಮುಖವಿಟ್ಟು ಏನೋ ಪಿಸುಗುಡುತ್ತಿದ್ದಳು. ಕೆಟ್ಟ ಕನಸು ಬಿದ್ದರೆ ನಮ್ಮಲ್ಲಿ ಅದನ್ನು ಮನುಷ್ಯರಿಗೆ ಹೇಳುವುದಿಲ್ಲ, ಹರಿಯುವ ನೀರಿಗೆ ಹೇಳುತ್ತೇವೆ. ನೀರು ಅದನ್ನು ಹೊತ್ತುಕೊಂಡು ಹೋಗುತ್ತದೆ, ಕನಸು ನಿಜವಾಗುವುದಿಲ್ಲ. ಹಾಗೆ ಹೇಳುವಾಗ ಪಕ್ಕದಲ್ಲಿದ್ದವರು ಕಿವಿಗೊಡಬಾರದು. ಚಿಕ್ಕಂದಿನಿಂದ ನೋಡಿದ್ದೇ ಆದರೂ ನೆಬಾಹತ್ ಅವತ್ತು ತಟ್ಟೆ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದಳಂತೆ.

ಮುಂದಿನ ವಾರ ಅವಳು ನಮ್ಮನ್ನೆಲ್ಲ ಕಾರ್ಖಾನೆಯ ಹಿಂದಿನ ಹಳ್ಳಕ್ಕೆ ಕರೆದುಕೊಂಡು ಹೋದಳು. ಹಿಮ ಕರಗಿದ ನೀರು ಬಂಡೆಗಳ ಮೇಲೆ ಬೊಬ್ಬೆ ಹಾಕುತ್ತಾ ಇಳಿಯುತ್ತಿತ್ತು. "ಈ ರೋಪ್‌ವೇ ವಿಷಯದಲ್ಲಿ ಯಾರಿಗೆ ಕೆಟ್ಟ ಕನಸು ಬಿದ್ದಿದ್ಯೋ ಅವರು ಇಲ್ಲಿ ಹೇಳ್ಬಹುದು. ನನಗೆ ಹೇಳ್ಬೇಡಿ. ನೀರಿಗೆ ಹೇಳಿ. ನಾನು ಸುಮ್ನೆ ಇಲ್ಲಿ ಕೂತಿರ್ತೀನಿ" ಎಂದು ಒಂದು ಕಲ್ಲಿನ ಮೇಲೆ ಕೂತಳು.

ಕೊನೆಗೆ ಷೆನೆರ್ ಮುಂದೆ ಹೋಗಿ, ಸಾಲಿಹನ ನೆನಪೋ ಏನೋ, ನೀರಿಗೆ ಹೇಳಿದ: "ನಜ್ಮಿ ಅಣ್ಣನ ಗೋದಾಮಲ್ಲಿ ಸೂರು ಸೋರ್ತಿತ್ತು. ಉಕ್ಕಿನ ಹಗ್ಗದ ಸುರುಳಿ ತುಕ್ಕು ಹಿಡಿದಿತ್ತು. ಅದನ್ನೇ ಎಳೆದು ಕಟ್ಟಿದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಕನಸಿಗೆ ನನ್ನ ಗೋದಾಮೇ ಬೇಕಿತ್ತೇನೋ ಬೇಕೂಫ" ಎಂದೆ. ನೀರಿಗೆ ಹೇಳಿದ್ದಕ್ಕೆ ಮನುಷ್ಯ ಉತ್ತರ ಕೊಡಬಾರದು ಎಂದು ಎಲ್ಲರೂ ನನ್ನ ಬಾಯಿ ಮುಚ್ಚಿಸಿದರು. ಸಂಜೆ ಹೋಗಿ ಟಾರ್ಪಾಲು ಎತ್ತಿ ನೋಡಿದೆ. ಹಾಳಾದವನು ಸರಿಯಾಗಿಯೇ ಕನಸು ಕಂಡಿದ್ದ. ನೆಬಾಹತ್ ಬೇರೆ ಹಗ್ಗ ತರಿಸಿದಳು. ಷೆನೆರನನ್ನೂ ಹೊಗಳಲಿಲ್ಲ, ನನ್ನನ್ನೂ ಬಯ್ಯಲಿಲ್ಲ.

ಅಲ್ಲಿಂದ ಹಳ್ಳದ ದಂಡೆಗೆ ಕನಸುಗಳ ಸಂತೆ ನೆರೆಯಿತು. ಗಾಲಿಗಳನ್ನು ಕೂರಿಸುವವನು ಷೆನೆರನ ತಂತಿಗಳ ಬಗ್ಗೆ ಕನಸು ಕಂಡ. ನಾನು ಗಾಲಿಗಳ ಬಗ್ಗೆ ಕಂಡೆ, ಸೇಡಿಗೆ. ಒಬ್ಬ ತಹ್ಸಿನ್ ಸಾಹೇಬರ ಬಗ್ಗೆಯೇ ಕಂಡ. ಅವರು ಅವಸರ ಮಾಡಿ ಪರೀಕ್ಷೆಗೆ ಬಿಡುವು ಕೊಡದೆ ಉದ್ಘಾಟನೆ ಇಟ್ಟುಬಿಟ್ಟರಂತೆ. ಪ್ರತಿಯೊಂದು ಕನಸಿನ ಮರುದಿನ ನೆಬಾಹತ್ ಸದ್ದಿಲ್ಲದೆ ಅಲ್ಲಿಗೆ ಹೋಗಿ ನೋಡುತ್ತಿದ್ದಳು, ತಪ್ಪಿದ್ದರೆ ಸರಿಮಾಡಿಸುತ್ತಿದ್ದಳು. ಕೆಲಸ ನಿಜಕ್ಕೂ ಚೆನ್ನಾಗಿ ಸಾಗಿತು. ಇಂಥ ಮ್ಯಾನೇಜರನ್ನು ನಾನು ನೋಡಿರಲಿಲ್ಲ ಎಂದು ಹೆಂಡತಿಯ ಮುಂದೆ ಹೊಗಳಿದ್ದೂ ಉಂಟು.

ಒಂದು ಮಾತು ಮಾತ್ರ ನಮಗೆ ಯಾರಿಗೂ ಹೊಳೆಯಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯಲ್ಲಿ ನೊಣ ಹುಡುಕುವುದು ಮನುಷ್ಯರ ಬುದ್ಧಿ. ಹಳ್ಳದ ದಂಡೆಯಲ್ಲಿ ಎಲ್ಲರೂ ಬೇರೆಯವರ ಕೆಲಸದ ಬಗ್ಗೆಯೇ ಕನಸು ಕಂಡರು. ತನ್ನ ಕೈಕೆಲಸದ ಬಗ್ಗೆ ಯಾರಿಗೂ ಒಂದೂ ಬೀಳಲಿಲ್ಲ. ನೆಬಾಹತಳೂ ಕಲ್ಲಿನ ಮೇಲೆ ಕೂತು ಕೇಳಿದಳೇ ಹೊರತು ತನ್ನದೊಂದನ್ನು ಹೇಳಲಿಲ್ಲ.

ರಿಫತ್ ಪ್ರತಿ ಸಲ ಬರುತ್ತಿದ್ದ. ಸ್ವಲ್ಪ ದೂರದಲ್ಲಿ ಸಿಗರೇಟು ಸೇದುತ್ತಾ ನಿಂತಿರುತ್ತಿದ್ದ. ಒಮ್ಮೆ ಅವಳೇ ಕೇಳಿದಳು, "ಅಣ್ಣಾ, ನಿನಗೆ ಕನಸೇ ಬೀಳಲ್ವಾ?"

"ನಾನು ಹಾಸಿಗೆಗೆ ಬಿದ್ರೆ ಹೆಣ. ನನಗೆಲ್ಲಿ ಕನಸು?" ಎಂದ ಅವನು. ಅವಳು ನಕ್ಕಳು. ಅಣ್ಣನ ಮಾತಿಗೆ ಅವಳು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು.

ಪಾಯಗಳನ್ನು ನೋಡಲು ಅವಳು ಬೆಟ್ಟ ಹತ್ತಿದ ದಿನ ನಾನೂ ಜೊತೆಗಿದ್ದೆ, ಬೋಲ್ಟುಗಳ ಲೆಕ್ಕ ಒಪ್ಪಿಸಲು. ಗಟ್ಟಿ ಬಂಡೆ ಸಿಗುವವರೆಗೆ ತೋಡಿ, ಬಂಡೆಯ ಮೇಲೆ ಕಾಂಕ್ರೀಟ್ ಸುರಿಯಬೇಕು ಎಂಬುದು ಕರಾರು. ನಮ್ಮ ಬೆಟ್ಟ ಮೇಲಿಂದ ನೋಡಲು ಗಟ್ಟಿ, ಒಳಗೆ ನೆನೆದ ರೊಟ್ಟಿ; ಮಳೆಗಾಲಕ್ಕೆ ಒಂದೆರಡು ಮನೆ ಜಾರದೆ ಇರುವುದಿಲ್ಲ. ಮೇಲಿನ ಎರಡು ಕಂಬಗಳ ಗುಂಡಿಯನ್ನು ರಿಫತ್ ಬೇರೊಬ್ಬ ಮೇಸ್ತ್ರಿಗೆ ವಹಿಸಿದ್ದ. ನೆಬಾಹತ್ ಎರಡಕ್ಕೂ ಇಳಿದು ಹಾರೆ ಕುಟ್ಟಿ ನೋಡಿದಳು. ಇಳಿಯುತ್ತಾ ಕೆಳಗಿನಿಂದ ಮೂರನೆಯ ಕಂಬಕ್ಕೆ ಬಂದಾಗ ಕಾಂಕ್ರೀಟ್ ಆಗಲೇ ಗಟ್ಟಿಯಾಗಿತ್ತು. ರಿಫತ್ ತನ್ನ ಕೈಯಾರೆ ಮಾಡಿದ ಪಾಯ. ಅವನ ಆಳುಗಳೆಲ್ಲ ಅಲ್ಲೇ ಕೂತು ಮೆಕ್ಕೆಜೋಳದ ರೊಟ್ಟಿ, ಚೀಸು ತಿನ್ನುತ್ತಿದ್ದರು.

"ಉಸ್ತಾ, ನಾನು ನೋಡೋಕೆ ಮುಂಚೆ ಸುರಿದುಬಿಟ್ರಾ?" ಆಳುಗಳ ಎದುರು ಅವಳು ಅವನನ್ನು ಉಸ್ತಾ ಎಂದೇ ಕರೆಯುತ್ತಿದ್ದಳು.

"ಮಳೆ ಬರ್ತಿತ್ತು. ಕಾಂಕ್ರೀಟ್ ಲಾರಿ ಆ ಇಕ್ಕಟ್ಟು ದಾರೀಲಿ ಕಾಯೋ ಹಾಗಿರಲಿಲ್ಲ."

"ಬಂಡೆ ಸಿಕ್ತಾ?"

"ಸಿಕ್ತು."

ಅವಳು ಪಾಯದ ಸುತ್ತ ಒಮ್ಮೆ ನೋಡಿದಳು. ಪಕ್ಕದಲ್ಲಿ ತೋಡಿಸಿ ನೋಡಬಹುದಿತ್ತು. ಬೇರೆ ಯಾರದಾಗಿದ್ದರೂ ತೋಡಿಸುತ್ತಿದ್ದಳು. ಆಳುಗಳು ತಿನ್ನುವುದನ್ನು ನಿಲ್ಲಿಸಿ ಅವಳ ಕೈಯಲ್ಲಿದ್ದ ಹಾರೆಯನ್ನೇ ನೋಡುತ್ತಿದ್ದರು. ತನ್ನನ್ನು ಹೆಗಲ ಮೇಲೆ ಹೊತ್ತ ಅಣ್ಣನ ಮಾತನ್ನು, ಅವನ ಆಳುಗಳ ಮುಂದೆ, ಹಾರೆಯಿಂದ ಕುಟ್ಟಿ ನೋಡುವ ತಂಗಿ ನಮ್ಮ ಬೆಟ್ಟದಲ್ಲಿ ಹುಟ್ಟಿರಲಿಲ್ಲ. ಅವಳು ಹಾರೆಯನ್ನು ನನ್ನ ಕೈಗೆ ಕೊಟ್ಟು, ಅವರ ಜೊತೆ ಕೂತು ಒಂದು ತುಂಡು ರೊಟ್ಟಿ ಮುರಿದಳು.

ಚಳಿಗಾಲ ಕಳೆಯಿತು. ಕಂಬಗಳು ನಿಂತವು, ಹಗ್ಗ ಎಳೆದಾಯಿತು, ದೃಷ್ಟಿಯಾಗದಿರಲಿ ಎಂದು ಪ್ರತಿ ಕಂಬಕ್ಕೂ ನೀಲಿ ಮಣಿ ಕಟ್ಟಿದರು. ಮೊದಲ ಕೊಯ್ಲಿಗೆ ಉದ್ಘಾಟನೆ ಎಂದು ತಹ್ಸಿನ್ ಸಾಹೇಬರು ಸಾರಿಬಿಟ್ಟರು. ನೆಬಾಹತ್ ಹಟ ಹಿಡಿದು ಮರಳಿನ ಮೂಟೆ ತುಂಬಿ ತೊಟ್ಟಿಲನ್ನು ದಿನಗಟ್ಟಲೆ ಓಡಿಸಿ ನೋಡಿದಳು. ಬಿಸಿಲಿನ ದಿನಗಳು. ಯಾವ ಕಂಬವೂ ಅಲುಗಲಿಲ್ಲ. ತೊಟ್ಟಿಲ ಮೇಲೆ ಕೆಂಪು ಬಣ್ಣದಲ್ಲಿ ‘ಜನ ಹತ್ತಬಾರದು’ ಎಂದು ಅವಳೇ ನಿಂತು ಬರೆಸಿದಳು.

ಉದ್ಘಾಟನೆಗೆ ಮುಂಚೆ ಮಳೆ ಹಿಡಿಯಿತು. ಬಿಟ್ಟೂ ಬಿಡದೆ ಸುರಿದು, ಆ ದಿನ ಬೆಳಗ್ಗೆ ಮಾತ್ರ ಸ್ವಲ್ಪ ಹೊಳವಾಯಿತು. ಮೇಲಿನ ಹಳ್ಳಿಗೆ ಹೋಗುವ ಕಾಲುದಾರಿ ನಡುವೆ ಕುಸಿದಿತ್ತು, ಕಂಬಗಳ ಬುಡಕ್ಕೆ ನಡೆದು ಹೋಗುವ ಹಾಗಿರಲಿಲ್ಲ. ನೆಬಾಹತ್ ತಹ್ಸಿನ್ ಸಾಹೇಬರ ಹತ್ತಿರ ಹೋಗಿ, "ನೆಲ ನೆನೆದಿದೆ ಸಾಹೇಬ್ರೆ. ಕಂಬಗಳನ್ನ ಹತ್ತಿರದಿಂದ ನೋಡಿದ ಮೇಲೆ ಮಾಡೋಣ. ಇವತ್ತು ಬೇಡ" ಎಂದಳು. ನಾನು ಕೇಳಿಸಿಕೊಂಡೆ.

"ಅತಿಥಿಗಳು ಬಂದು ಕೂತಿದ್ದಾರಮ್ಮ. ಒಂದು ಸಲ ಓಡಿಸು, ಖಾಲಿಯಾದ್ರೂ ಸರಿ" ಎಂದರು ಅವರು. ಖಾಲಿ ತೊಟ್ಟಿಲು ತಾನೇ ಎಂದು ಅವಳು ಒಪ್ಪಿದಳು.

ಕುರಿ ಕಡಿದರು. ಅದರ ರಕ್ತವನ್ನು ಗಾಲಿಗೆ ಹಚ್ಚಿದರು. ಅಷ್ಟರಲ್ಲಿ ರಿಫತ್ ಜನರ ನಡುವಿನಿಂದ ಬಂದು, ಏನೂ ಹೇಳದೆ, ತೊಟ್ಟಿಲಿಗೆ ಕಾಲಿಟ್ಟು ಹತ್ತಿದ. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ನೆಬಾಹತ್ ಓಡಿ ಬಂದಳು.

"ಇಳಿ ಅಣ್ಣಾ. ಜನ ಹತ್ತಬಾರದು ಅಂತ ಬರೆದಿರೋದು ಕಾಣಲ್ವಾ?"

"ಕಟ್ಟಿದವನೇ ಹತ್ತದಿದ್ರೆ ಊರವರು ತಮ್ಮ ಎಲೇನ ಹೇಗೆ ನಂಬಿ ಇಡ್ತಾರೆ? ಏನೂ ಆಗಲ್ಲ ಬಿಡು. ಮೂರನೇ ಕಂಬದವರೆಗೆ ಹೋಗಿ ಬರ್ತೀನಿ."

"ಬೇಡ ಅಂದೆ."

ಆಗ ಅವನು ಎಲ್ಲರಿಗೂ ಕೇಳುವ ಹಾಗೆ ಅಂದ, "ನಿನ್ನಣ್ಣನ ಕೆಲಸದ ಮೇಲೆ ನಿನಗೆ ನಂಬಿಕೆ ಇಲ್ವೇನೇ?"

ಬೇಡ ಎಂದು ಎತ್ತಿದ್ದ ಅವಳ ಕೈ ಕೆಳಗಿಳಿಯಿತು. ಮೋಟಾರಿನ ಬಳಿ ನಿಂತಿದ್ದ ಷೆನೆರ್ ಆ ಕೈಯನ್ನೇ ಕಾಯುತ್ತಿದ್ದ. ಅವನು ಅದನ್ನು ಅಪ್ಪಣೆ ಎಂದು ತಿಳಿದು ಗುಂಡಿ ಒತ್ತಿದ.

ತೊಟ್ಟಿಲು ಮೊದಲನೆಯ ಕಂಬ ದಾಟಿತು, ಎರಡನೆಯದೂ ದಾಟಿತು. ಮೂರನೆಯದು ಹತ್ತಿರವಾದಾಗ ರಿಫತ್ ಎದ್ದು ನಿಂತು ಕಂಬದ ಬುಡದ ಕಡೆ ಬಗ್ಗಿ ನೋಡಿದ್ದು ಕೆಳಗಿದ್ದ ನಮಗೆಲ್ಲ ಕಂಡಿತು. ಅವನು ಎರಡೂ ಕೈ ಎತ್ತಿ ಬೀಸಿದ. ಸಲಾಮು ಮಾಡುತ್ತಿದ್ದಾನೆ ಎಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ನೆಬಾಹತ್ ಮಾತ್ರ "ನಿಲ್ಸು" ಎಂದು ಚೀರಿದಳು. ಷೆನೆರ್ ನಿಲ್ಲಿಸಿದ. ತೊಟ್ಟಿಲು ನಿಂತಿತು, ಕಂಬ ನಿಲ್ಲಲಿಲ್ಲ. ಮೆಲ್ಲಗೆ, ನಿದ್ದೆ ಬಂದವನ ಹಾಗೆ, ಅದು ಕಣಿವೆಯ ಕಡೆಗೆ ವಾಲಿತು. ಹಗ್ಗ ಗಾಲಿಯಿಂದ ಹಾರಿತು. ತೊಟ್ಟಿಲು ಚಹಾ ಗಿಡಗಳ ಮೇಲೆ ಬಿದ್ದು, ಉರುಳಿ, ಹಳ್ಳದ ತನಕ ಹೋಯಿತು.

ರಿಫತನ ಹೆಣವನ್ನು ಅವನ ಆಳುಗಳು, ಷೆನೆರ್ ಮತ್ತು ನಾನು ಸೇರಿ ಎತ್ತಿಕೊಂಡು ಬಂದೆವು. ನೆಬಾಹತ್ ಹಳ್ಳದ ದಂಡೆಯಲ್ಲಿ ಮಂಡಿಯೂರಿ ಕೂತಿದ್ದಳು. ಅಳುತ್ತಿರಲಿಲ್ಲ. ಅವಳ ತಲೆಯ ಬಟ್ಟೆ ಎಲ್ಲಿ ಬಿದ್ದಿತ್ತೋ ಏನೋ, ಕೂದಲೆಲ್ಲ ಕೆಸರಾಗಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ.

ವಿಚಾರಣೆಯವರು ಬಂದು ಮೂರನೆಯ ಕಂಬದ ಬುಡ ತೋಡಿಸಿದರು. ಕಾಂಕ್ರೀಟಿನ ಕೆಳಗೆ ಬಂಡೆ ಇರಲಿಲ್ಲ. ಹಳೆಯ ರಸ್ತೆಗೆ ಯಾವಾಗಲೋ ತುಂಬಿದ್ದ ಸಡಿಲ ಮಣ್ಣಿತ್ತು, ಅದರಡಿ ಸಣ್ಣಗೆ ಒಸರುವ ನೀರಿತ್ತು. ಆಗ ರಿಫತನ ಆಳೊಬ್ಬ ಬಾಯಿಬಿಟ್ಟ. ಎಷ್ಟು ತೋಡಿದರೂ ಬಂಡೆ ಸಿಗಲಿಲ್ಲವಂತೆ. ಇನ್ನೂ ಆಳಕ್ಕೆ ತೋಡಿದರೆ ಇಡೀ ಕೆಲಸವೇ ಮುಂದೆ ಹೋಗುತ್ತಿತ್ತಂತೆ. ಮಳೆ ಹನಿಯುತ್ತಿತ್ತು, ಲಾರಿ ಕಾಯುತ್ತಿತ್ತು. ಉಸ್ತಾ ಬಹಳ ಹೊತ್ತು ಗುಂಡಿಯನ್ನೇ ನೋಡಿ, ‘ಏನೂ ಆಗಲ್ಲ, ಸುರೀರಿ’ ಎಂದನಂತೆ. ವಿಚಾರಣೆಯವರು ಕೇಳಿದ್ದಕ್ಕೆಲ್ಲ ನೆಬಾಹತ್ ಒಂದೇ ಉತ್ತರ ಕೊಟ್ಟಳು. ‘ಪಾಯ ನೋಡಬೇಕಾದವಳು ನಾನು, ನಾನು ನೋಡಲಿಲ್ಲ.’ ತಹ್ಸಿನ್ ಸಾಹೇಬರು ಕೈ ತೊಳೆದುಕೊಂಡರು. ನೀರು ಅವರಿಗೂ ಉಪಯೋಗಕ್ಕೆ ಬಂತು.

ಏಳನೆಯ ದಿನ ರಿಫತನ ಮನೆಯಲ್ಲಿ ಸತ್ತವನ ಹೆಸರಲ್ಲಿ ಹಲ್ವಾ ಮಾಡಿ ಹಂಚಿದರು. ಗಂಡಸರು ಕುಡಿದಿಟ್ಟ ಚಹಾದ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ನಾನು ಅಡುಗೆಮನೆಯ ಬಾಗಿಲಿಗೆ ಹೋದೆ. ಒಳಗೆ ರಿಫತನ ಹೆಂಡತಿ ಹಾಜೆರ್ ನಲ್ಲಿಯ ಮುಂದೆ ಲೋಟ ತೊಳೆಯುತ್ತಿದ್ದಳು. ನೆಬಾಹತ್ ಪಕ್ಕದಲ್ಲಿ ನಿಂತು ಒರೆಸುತ್ತಿದ್ದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ.

"ಅತ್ತಿಗೆ, ಮನೇಲಿ ಅವನು ಏನೂ ಹೇಳಲಿಲ್ವಾ?" ನೆಬಾಹತ್ ಕೇಳಿದಳು. "ಒಂದು ಮಾತೂ?"

ಹಾಜೆರ್ ಲೋಟ ತಿಕ್ಕುತ್ತಲೇ ಹೇಳಿದಳು. "ಚಳಿಗಾಲ ಕಳೆದ ಮೇಲೆ ಒಂದಿನ ಬೆಟ್ಟದಿಂದ ಬಂದವರು ಊಟ ಮಾಡಲಿಲ್ಲ. ಕಂಬದ ಬುಡಕ್ಕೂ ಮಣ್ಣಿಗೂ ನಡುವೆ ಸಂದು ಬಿಟ್ಟಿದೆ, ಬೆರಳು ಹೋಗುತ್ತೆ ಅಂದ್ರು. ನೆಬಾಹತ್‌ಗೆ ಹೇಳಿ ಅಂದೆ. ಹೇಳಿದ್ರೆ ಅವಳು ಕೆಲಸ ನಿಲ್ಲಿಸ್ತಾಳೆ, ನಿಲ್ಲಿಸಿದ್ರೆ ಅವಳನ್ನ ಮನೆಗೆ ಕಳಿಸ್ತಾರೆ, ಆ ಕಿಟಕಿ ಹೋಗುತ್ತೆ ಅಂದ್ರು. ಯಾವ ಕಿಟಕೀನೋ ನನಗೆ ಗೊತ್ತಾಗಲಿಲ್ಲ."

ನೆಬಾಹತಳ ಕೈಯಲ್ಲಿದ್ದ ಬಟ್ಟೆ ನಿಂತಿತು. ಯಾವ ಕಿಟಕಿ ಎಂದು ನನಗೆ ಗೊತ್ತಿತ್ತು.

"ಆಮೇಲೆ ದಿನಾ ಬೆಳಗ್ಗೆ ಇಲ್ಲಿ ನಿಂತು ನೀರಿಗೆ ಹೇಳೋರು" ಎಂದಳು ಹಾಜೆರ್. "ನಲ್ಲಿ ಜೋರಾಗಿ ತಿರುಗಿಸಿ, ಹೀಗೆ ಬಗ್ಗಿ. ಉದ್ಘಾಟನೆ ದಿನಾನೂ ಹೇಳಿದ್ರು. ನನಗೆ ಮೂರನೇ ಕಂಬ ಅನ್ನೋದಷ್ಟೇ ಕೇಳಿಸ್ತಿತ್ತು. ಮಿಕ್ಕಿದ್ದು ಕೇಳಿಸ್ಕೊಳ್ಳಬಾರದು ಅಂತ ನಾನು ಆಚೆ ಹೋಗಿಬಿಡ್ತಿದ್ದೆ. ಆಮೇಲೆ ಮುಖ ಒರೆಸ್ಕೊಂಡು, ಸಮಾಧಾನವಾಗಿ ಚಹಾ ಕುಡಿಯೋರು. ‘ನನ್ನ ತಂಗಿ ಓದಿದವಳು, ಅವಳೇ ಹೇಳಿಕೊಟ್ಟಿದ್ದಾಳೆ, ನೀರಿಗೆ ಹೇಳಿದ್ರೆ ಸಾಕಂತೆ, ಹೊತ್ಕೊಂಡು ಹೋಗುತ್ತಂತೆ’ ಅನ್ನೋರು."

ನಲ್ಲಿ ಇನ್ನೂ ಸುರಿಯುತ್ತಿತ್ತು. ನೆಬಾಹತ್ ಕೈ ಚಾಚಿ ಅದನ್ನು ನಿಲ್ಲಿಸಿದಳು. ಆಮೇಲೆ ಕಲ್ಲಿನ ತೊಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಅಣ್ಣ ಬಗ್ಗುತ್ತಿದ್ದ ಹಾಗೆಯೇ ಬಗ್ಗಿದಳು.

"ನೀರಿಗಲ್ಲ ಅಣ್ಣಾ" ಎಂದಳು. "ನನಗೆ. ಹಳ್ಳದ ದಂಡೇಲಿ ನಾನು ಅಲ್ಲೇ ಕೂತಿದ್ದೆನಲ್ಲ."